ಸಳನ ಮುತ್ತಜ್ಜ ಯಾರು?

ಮೂಡಿಗೆರೆಯಲ್ಲಿ ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಬಿಸಿಲು ಏರುವ ಮೊದಲೇ ಊರು ಬಿಟ್ಟೆ. ರಸ್ತೆಯ ಎರಡೂ ಬದಿಯ ತೋಟಗಳು ಬೆಳ್ಳಗಾಗಿದ್ದವು. ಕಾಫಿ ಗಿಡದ ರೆಕ್ಕೆರೆಕ್ಕೆಗೂ ಹೂವು, ಗೆಣ್ಣುಗೆಣ್ಣಿಗೆ ಒಂದೊಂದು ಬಿಳಿಯ ಗೊಂಚಲು. ಮಲ್ಲಿಗೆಗೆ ಹತ್ತಿರವಾದ ಆ ಪರಿಮಳ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇರುವುದಿಲ್ಲ. ಮಳೆ ಸರಿಯಾದ ಹೊತ್ತಿಗೆ ಬಂದಿತ್ತಾದ್ದರಿಂದ ಬಸ್ಸಿನಲ್ಲಿದ್ದವರೆಲ್ಲರ ಮುಖದಲ್ಲಿ ಗೆಲುವಿತ್ತು. ಕಿಟಕಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಹೊರಗೆ ಕೈ ತೋರಿಸಿ, "ಈ ಸಲ ದೇವರು ಕಣ್ಣು ಬಿಟ್ಟ" ಎಂದರು. ಇನ್ನು ಇಪ್ಪತ್ತು ದಿನದೊಳಗೆ ಕಾಯಿ ಕಚ್ಚಲು ಇನ್ನೊಂದು ಮಳೆ ಬರಬೇಕು ಎಂಬುದನ್ನೂ ಸೇರಿಸಿದರು.

ನಾನು ಹೊರಟಿದ್ದದ್ದು ಅಂಗಡಿಗೆ. ಮೂಡಿಗೆರೆ ತಾಲ್ಲೂಕಿನ ಈ ಹಳ್ಳಿಯನ್ನು ಶಾಸನಗಳು ಸೊಸೆವೂರು ಎನ್ನುತ್ತವೆ, ಸಂಸ್ಕೃತದಲ್ಲಿ ಬರೆಯುವಾಗ ಶಶಕಪುರ ಎನ್ನುತ್ತವೆ. ಹೊಯ್ಸಳರ ಮೂಲದ ಊರು ಇದು. ಸಳನೆಂಬವನು ಹುಲಿಯನ್ನು ಹೊಡೆದ ಜಾಗ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದು ಇದನ್ನೇ.

ನನ್ನ ಚೀಲದಲ್ಲಿ ಗ್ರೀಕ್ ಪುರಾಣದ ಪುಸ್ತಕವೊಂದಿತ್ತು. ಹಿಂದಿನ ರಾತ್ರಿ ಅದರಲ್ಲಿ ಯೂಫಿಮಸ್ ಎಂಬ ಸಣ್ಣ ವೀರನ ಕಥೆ ಓದಿದ್ದೆ. ಜೇಸನ್ನನ ಜೊತೆ ಚಿನ್ನದ ತುಪ್ಪಳ ತರಲು ಆರ್ಗೋ ಹಡಗು ಹತ್ತಿದ ಹತ್ತಾರು ವೀರರಲ್ಲಿ ಇವನೂ ಒಬ್ಬ. ಹೆರಾಕ್ಲೀಸನಂತೆ ಲೋಕಪ್ರಸಿದ್ಧನಲ್ಲ. ಕಡಲ ದೇವತೆ ಪೊಸೈಡನ್ ಇವನ ತಂದೆ, ಟಿಟ್ಯೋಸನ ಮಗಳು ಯೂರೋಪಾ ಇವನ ತಾಯಿ. ಕಾಲು ನೆನೆಯದಂತೆ ನೀರಿನ ಮೇಲೆ ಓಡಬಲ್ಲವನು ಎಂಬ ಹೆಸರು ಬಿಟ್ಟರೆ ಇವನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಆದರೆ ಹಡಗು ಆಫ್ರಿಕದ ತೀರದಲ್ಲಿ ದಾರಿ ತಪ್ಪಿದಾಗ ಟ್ರೈಟನ್ ಎಂಬ ದೇವತೆ ಇವನ ಕೈಗೆ ಒಂದು ಮಣ್ಣಿನ ಹೆಂಟೆ ಕೊಟ್ಟ. ಅತಿಥಿಗೆ ಕೊಡುವ ಉಡುಗೊರೆ ಅದು. ಆ ಹೆಂಟೆ ಕಡಲಿಗೆ ಬಿದ್ದು ಥೀರಾ ದ್ವೀಪದ ದಡ ಸೇರಿತೆಂದು ಕವಿ ಪಿಂಡಾರ್ ಹೇಳಿದರೆ, ಆ ಹೆಂಟೆಯೇ ದ್ವೀಪವಾಗಿ ಮೇಲೆದ್ದಿತೆಂದು ಅಪೊಲೋನಿಯಸ್ ಹೇಳುತ್ತಾನೆ. ಪಿಂಡಾರ್ ಲೆಕ್ಕದಲ್ಲಿ ಹದಿನೇಳು ತಲೆಮಾರು ಕಳೆದ ಮೇಲೆ ಆ ದ್ವೀಪದಿಂದ ಬ್ಯಾಟಸ್ ಎಂಬವನು ಹೊರಟು, ಇಂದಿನ ಲಿಬಿಯಾದ ತೀರದಲ್ಲಿ ಸೈರೀನ್ ನಗರ ಕಟ್ಟಿದ. ಕ್ರಿ.ಪೂ. 7ನೇ ಶತಮಾನದ ಮಾತು ಇದು. ಅವನ ಮನೆತನದ ಎಂಟು ಜನ ಅಲ್ಲಿ ರಾಜ್ಯವಾಳಿದರು. ಎಂಟನೆಯವನು ಆರ್ಸೆಸಿಲಾಸ್. ಕ್ರಿ.ಪೂ. 462ರಲ್ಲಿ ಅವನು ರಥದ ಪಂದ್ಯ ಗೆದ್ದಾಗ ಪಿಂಡಾರ್ ಹಾಡು ಕಟ್ಟಿದ್ದು ಯೂಫಿಮಸ್ಸನನ್ನೂ ಆ ಮಣ್ಣಿನ ಹೆಂಟೆಯನ್ನೂ ನೆನೆದೇ.

ಅರಮನೆ ಕಟ್ಟಿದ ಮೇಲೆ ಪೂರ್ವಜನೊಬ್ಬ ಬೇಕಾಗುತ್ತಾನೆ. ಆಗ ಹಳೆಯ ಹಡಗಿನ ಮೂಲೆಯಲ್ಲಿ ಕೂತಿದ್ದ ಸಣ್ಣ ವೀರನಿಗೆ ದೊಡ್ಡ ವಂಶ ಬೆಳೆಯುತ್ತದೆ. ಈ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಸಳನ ಊರಿಗೆ ಬಂದೆ.

ಊರು ಸಣ್ಣದು. ಹಂಚಿನ ಮನೆಗಳು, ಅಂಗಳದಲ್ಲಿ ಒಣಗಿಸಿದ ಕಾಳುಮೆಣಸು, ಸಿಲ್ವರ್ ಮರಗಳಿಗೆ ಹಬ್ಬಿದ ಬಳ್ಳಿ, ಹಲಸಿನ ಮರದ ಬುಡದಲ್ಲಿ ಕಟ್ಟಿದ ಕರು. ಒಂದು ಕಾಲದಲ್ಲಿ ರಾಜಧಾನಿ ಎನಿಸಿದ್ದ ಊರು ಎಂಬುದಕ್ಕೆ ಗುರುತು ಬೇಕಾದರೆ ಗುಡ್ಡ ಹತ್ತಬೇಕು. ಒಂದು ಕಡೆ ಬಸದಿಗಳು. ಇನ್ನೊಂದು ಕಡೆ ಕೇಶವ, ಪಾತಾಳರುದ್ರೇಶ್ವರ, ಮಲ್ಲಿಕಾರ್ಜುನ ಗುಡಿಗಳು. ಬೇಲೂರಿನ ಕುಸುರಿ ಕೆತ್ತನೆ ಕಂಡ ಕಣ್ಣಿಗೆ ಈ ಕಲ್ಲುಗಳು ಬೋಳಾಗಿ ಕಾಣಬಹುದು. ನನಗೆ ಹಾಗೆ ಕಾಣಲಿಲ್ಲ. ಮಗು ಮೊದಲು ಬರೆದ ಅಕ್ಷರವನ್ನು ತಾಯಿ ನೋಡುವಂತೆ ಇವುಗಳನ್ನು ನೋಡಬೇಕು.

ಬಸದಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಹೊಯ್ಸಳರು ಇನ್ನೂ ಹೆಸರು ಮಾಡದ ಕಾಲದಲ್ಲೇ, 10ನೇ ಶತಮಾನದ ಕೊನೆಯ ಹೊತ್ತಿಗೇ, ಇದು ಜೈನ ಮುನಿಗಳ ಊರು. ಆ ಕಾಲದ ವಿಮಲಚಂದ್ರ ಪಂಡಿತದೇವರು ಇಲ್ಲಿ ಸನ್ಯಾಸವಿಧಿಯಿಂದ ದೇಹ ಬಿಟ್ಟದ್ದನ್ನು ಇಲ್ಲಿನ ಕಲ್ಲೇ ಹೇಳುತ್ತದೆ. ಗುರುಗಳಿದ್ದರು, ಶಿಷ್ಯರಿದ್ದರು, ಸುತ್ತ ಕಾಡಿತ್ತು, ಕಾಡಿನಲ್ಲಿ ಹುಲಿಯಿತ್ತು. ಸಳನ ಕಥೆಗೆ ಬೇಕಾದದ್ದೆಲ್ಲ ಇಲ್ಲಿ ಇತ್ತು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ವಾಸಂತಿಕೆಯ ಗುಡಿಯ ಹತ್ತಿರ ಸುದತ್ತ ಮುನಿಗಳು ಇದ್ದಾಗ ಹುಲಿಯೊಂದು ಮೇಲೆ ಎರಗಿತು. ಮುನಿಗಳು ಪಕ್ಕದಲ್ಲಿದ್ದ ಸಳನಿಗೆ "ಪೊಯ್ ಸಳ" ಎಂದರು. ಹೊಡೆ ಎಂದು ಅರ್ಥ. ಸಳ ಹೊಡೆದ, ಹುಲಿ ಸತ್ತಿತು. ಅವನು ಪೊಯ್ಸಳನಾದ. ಹಳಗನ್ನಡದ ಪಕಾರ ಹಕಾರವಾದ ಕಾಲದಲ್ಲಿ ಪೊಯ್ಸಳ ಹೊಯ್ಸಳವಾಯಿತು. ಹೊಡೆದದ್ದು ಮುನಿ ಕೊಟ್ಟ ಬೆತ್ತದಿಂದ ಎಂದು ಕೆಲವರು, ಕುಂಚದ ಕಾವಿನಿಂದ ಎಂದು ಕೆಲವರು. ಆಗ ವಸಂತಮಾಸವಾದ್ದರಿಂದ ಅಲ್ಲಿನ ಯಕ್ಷಿಗೆ ವಾಸಂತಿಕೆ ಎಂಬ ಹೆಸರಾಯಿತು ಎಂಬ ಹೇಳಿಕೆಯೂ ಇದೆ. ಕಾಫಿ ಈ ಬೆಟ್ಟಕ್ಕೆ ಬರುವ ಮೊದಲು ಇಲ್ಲಿನ ವಸಂತ ಬೇರೆ ಯಾವ ಹೂವಿನದಾಗಿತ್ತೋ ಎಂದು ಯೋಚಿಸುತ್ತ ಗುಡ್ಡ ಇಳಿದೆ.

ಈಗ ವಂಶದ ಮಾತಿಗೆ ಬರೋಣ. ಹೊಯ್ಸಳರ ಯಾವ ದೊಡ್ಡ ಶಾಸನ ತೆಗೆದರೂ ಒಂದು ಪಟ್ಟಿ ಸಿಗುತ್ತದೆ. ಬ್ರಹ್ಮನಿಂದ ಅತ್ರಿ, ಅತ್ರಿಯಿಂದ ಚಂದ್ರ, ಚಂದ್ರನಿಂದ ಬುಧ, ಬುಧನಿಂದ ಪುರೂರವ, ಅಲ್ಲಿಂದ ಆಯು, ನಹುಷ, ಯಯಾತಿ, ಯದು. ಆ ಯದುವಿನ ಕುಲದಲ್ಲಿ ಸಳ. ಅವನ ಕುಲದಲ್ಲಿ ವಿನಯಾದಿತ್ಯ. ವಿನಯಾದಿತ್ಯನಿಗೂ ಕೆಳೆಯಬ್ಬೆಗೂ ಎರೆಯಂಗ, ಎರೆಯಂಗನಿಗೂ ಏಚಲದೇವಿಗೂ ಬಲ್ಲಾಳ, ಬಿಟ್ಟಿದೇವ, ಉದಯಾದಿತ್ಯ ಎಂಬ ಮೂವರು ಮಕ್ಕಳು. ಈ ಬಿಟ್ಟಿದೇವನೇ ಬೇಲೂರಿನ ವಿಜಯನಾರಾಯಣನನ್ನು 1117ರಲ್ಲಿ ಪ್ರತಿಷ್ಠೆ ಮಾಡಿದ ವಿಷ್ಣುವರ್ಧನ.

ಯದುಕುಲವಾದ್ದರಿಂದ ಇವರು ಯಾದವಕುಲಾಂಬರ ದ್ಯುಮಣಿಗಳು. ಯಾದವರಾದ್ದರಿಂದ ಕೃಷ್ಣನ ದ್ವಾರಕೆಯೇ ತಮ್ಮ ಮೂಲ ಊರು. ಹಾಗಾಗಿ ದ್ವಾರಾವತೀಪುರವರಾಧೀಶ್ವರರು. ಆದರೆ ನಾನು ನಿಂತಿದ್ದದ್ದು ಕಡಲು ನುಂಗಿದ ದ್ವಾರಕೆಯಲ್ಲಿ ಅಲ್ಲ, ಮೂಡಿಗೆರೆಯ ಗುಡ್ಡದ ಕೆಮ್ಮಣ್ಣಿನಲ್ಲಿ.

ಬಸದಿಯಲ್ಲಿ ಒಂದು ಸಂಗತಿ ನನ್ನ ಮನಸ್ಸಿಗೆ ತಟ್ಟಿತು. ಇಲ್ಲಿ ಶಾಂತಿನಾಥನ ಜೊತೆ ನೇಮಿನಾಥನೂ ಇದ್ದಾನೆ. ಇಪ್ಪತ್ತೆರಡನೆಯ ತೀರ್ಥಂಕರನಾದ ನೇಮಿನಾಥ ಜೈನರ ಕಥೆಯಲ್ಲಿ ಯಾದವ, ಕೃಷ್ಣನಿಗೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಸಂಬಂಧ. ಸೊಸೆವೂರಿನ ಮುನಿಗಳ ಬಳಿ ಬೆಳೆದ ಮನೆತನಕ್ಕೆ ಯದುವಂಶ ಎಂಬ ಮಾತು ಹೊರಗಿನದಾಗಿ ಕೇಳಿಸಿರಲಾರದು. ಮುಂದೆ ವಿಷ್ಣುವಿಗೆ ಗುಡಿ ಕಟ್ಟಿದಾಗಲೂ ಅದೇ ವಂಶ ಹೊಂದಿಕೊಂಡಿತು. ಬಸದಿಗೂ ಗುಡಿಗೂ ಸಲ್ಲುವ ಒಬ್ಬ ಅಜ್ಜ ಬೇಕಿದ್ದರೆ ಯದುವಿಗಿಂತ ಒಳ್ಳೆಯವನು ಸಿಗುತ್ತಿರಲಿಲ್ಲ. ಇದು ನನ್ನ ಊಹೆ. ಆದರೆ ಆ ಮೂರ್ತಿಯ ಮುಂದೆ ನಿಂತಾಗ ಊಹೆ ಗಟ್ಟಿಯಾಯಿತು.

ಪಟ್ಟಿಯಲ್ಲಿ ಒಂದು ತೆರಪಿದೆ. ಯದುವಿನಿಂದ ಸಳನವರೆಗೆ ಎಷ್ಟು ತಲೆ, ಸಳನಿಂದ ವಿನಯಾದಿತ್ಯನವರೆಗೆ ಎಷ್ಟು ತಲೆ, ಅದರ ಲೆಕ್ಕ ಅಲ್ಲಿಲ್ಲ. ಸಳ ಹಾಕಿಸಿದ ಶಾಸನ ಒಂದೂ ಸಿಕ್ಕಿಲ್ಲ. ಅವನ ಕಥೆ ಕಲ್ಲಿಗೆ ಏರಿ ಬೆಳೆದದ್ದು ವಿಷ್ಣುವರ್ಧನನ ಕಾಲದಿಂದ ಈಚೆಗೆ. ಬೇಲೂರಿನ ದೇವಸ್ಥಾನದ ಶಾಸನದಲ್ಲಿ ಅದಿದೆ. ಅದಕ್ಕಿಂತ ಹಿಂದಿನ ಕಲ್ಲುಗಳನ್ನು ಕೇಳಿದರೆ ಬೇರೆಯೇ ಹೆಸರುಗಳು ಬರುತ್ತವೆ. 950ರ ಸುಮಾರಿಗೆ ಅರೆಕಲ್ಲ, ಅವನ ನಂತರ ಮಾರುಗ, ಆಮೇಲೆ ನೃಪಕಾಮ. 1006ರ ಕಲಿಯೂರು ಶಾಸನದಲ್ಲಿ ಚೋಳರ ದಂಡನಾಯಕ ಅಪ್ರಮೇಯ ಪೊಯ್ಸಳರ ಕಡೆಯವರನ್ನು ಸೋಲಿಸಿದ ಸುದ್ದಿಯಿದೆ. ಪೊಯ್ಸಳ ಎಂಬ ಹೆಸರು ಆಗಲೇ ಯುದ್ಧರಂಗದಲ್ಲಿತ್ತು. ಹುಲಿಯ ಕಥೆ ಬಂದದ್ದು ಅದಾಗಿ ನೂರು ವರ್ಷ ಕಳೆದ ಮೇಲೆ.

ಹುಲಿ ಚೋಳರ ಲಾಂಛನ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ ತಲಕಾಡುಗೊಂಡ ಎಂಬ ಬಿರುದನ್ನು ನಾಣ್ಯದ ಮೇಲೆ ಹಾಕಿಸಿದ. ಹುಲಿಯನ್ನು ಹೊಡೆಯುವ ಸಳನ ಚಿತ್ರ ಹೊಯ್ಸಳರ ಗುರುತಾದದ್ದು ಆ ಗೆಲುವಿನ ನೆನಪಿಗೆ ಎಂದು ಹೇಳುವ ಇತಿಹಾಸಕಾರರಿದ್ದಾರೆ. ಕಲಿಯೂರಿನ ಸೋಲಿನಿಂದ ತಲಕಾಡಿನ ಗೆಲುವಿಗೆ ನೂರ ಹತ್ತು ವರ್ಷ. ಒಂದು ಮನೆತನ ನೂರ ಹತ್ತು ವರ್ಷ ಹೊತ್ತುಕೊಂಡ ನೋವು ಸಳನ ಕೈಯ ಆಯುಧವಾಯಿತು ಎಂದುಕೊಂಡರೆ ಆ ಶಿಲ್ಪ ನನಗೆ ಇನ್ನೂ ಆಪ್ತವಾಗುತ್ತದೆ. ಬೇಲೂರಿನ ಶಿಲ್ಪದಲ್ಲಿ ಆ ಪ್ರಾಣಿಗೆ ಸಿಂಹದ ಕೇಸರವಿದೆ. ಹುಲಿಯೋ ಸಿಂಹವೋ ಎಂದು ಕೇಳುವವರಿಗೆ ಶಿಲ್ಪಿ ಉತ್ತರ ಕೊಡುವುದಿಲ್ಲ. ಅವನು ಕೆತ್ತಿದ್ದು ಕಾಡಿನ ಮೃಗಕ್ಕಿಂತ ಹೆಚ್ಚಾಗಿ ಎದುರಿಗೆ ನಿಂತ ಹುಡುಗನ ಧೈರ್ಯವನ್ನು.

ಮಧ್ಯಾಹ್ನದ ಹೊತ್ತಿಗೆ ವಸಂತಮ್ಮನ ಗುಡಿಗೆ ಬಂದೆ. ಶಾಸನದ ವಾಸಂತಿಕೆ ಊರಿನವರ ಬಾಯಲ್ಲಿ ವಸಂತಮ್ಮ. ಹೊಯ್ಸಳ ಅರಸರು ತಮ್ಮ ಬಿರುದುಗಳ ಸಾಲಿನಲ್ಲಿ ವಾಸಂತಿಕಾದೇವೀ ಲಬ್ಧವರಪ್ರಸಾದ ಎಂದು ಹೇಳಿಕೊಂಡದ್ದು ಈ ತಾಯಿಯನ್ನು ನೆನೆದು. ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ನೋಡಿದೆ. ಎಣ್ಣೆದೀಪದ ಬೆಳಕು. ಬಣ್ಣ ಹಚ್ಚಿದ ದೇವಿಯರು ಸಾಲಾಗಿ ಕೂತಿದ್ದಾರೆ. ಅಗಲವಾದ ಕಣ್ಣು, ಹಣೆಯಲ್ಲಿ ದೊಡ್ಡ ಕುಂಕುಮ, ಕೊರಳ ತುಂಬ ಹೂವು.

"ಕಲ್ಲಿನ ಮೂರ್ತಿಯಲ್ಲ, ಮಣ್ಣಿನವು" ಎಂದರು ಪೂಜೆಯವರು. "ಎಷ್ಟು ಹಳೇದು ಅಂತ ಯಾರಿಗೆ ಗೊತ್ತು. ನಮ್ಮಜ್ಜನ ಕಾಲದಲ್ಲೂ ಹೀಗೇ ಇದ್ದರು ಅಂತ ನಮ್ಮಪ್ಪ ಹೇಳ್ತಿದ್ರು."

ಮಣ್ಣಿನವು ಎಂಬ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಯೂಫಿಮಸ್ಸನ ಕೈಯ ಹೆಂಟೆ ಕಣ್ಣ ಮುಂದೆ ಬಂತು. ಬೇಲೂರು, ಹಳೇಬೀಡು, ಸೋಮನಾಥಪುರದಲ್ಲಿ ಕಲ್ಲನ್ನು ಬೆಣ್ಣೆಯಂತೆ ಕಡೆಸಿದ ಮನೆತನ ತನಗೆ ವರ ಕೊಟ್ಟ ತಾಯಿಯೆಂದು ಹೇಳಿಕೊಂಡದ್ದು ಈ ಮಲೆಯ ದೇವಿಯನ್ನು. ಆ ದೇವಿ ಇಂದಿಗೂ ಕೂತಿರುವುದು ಮಣ್ಣಿನಲ್ಲಿ.

ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ತೋಟದ ಕೆಲಸದಿಂದ ನೇರವಾಗಿ ಬಂದವರು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಚಿಲ್ಲರೆ, ಬೆರಳ ಸಂದಿನಲ್ಲಿ ಇನ್ನೂ ಹೋಗದ ಮಣ್ಣು, ತಟ್ಟೆಯಲ್ಲಿ ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಮೊಮ್ಮಗಳಿಗೆ ಪರೀಕ್ಷೆ ಅಂತೆ.

"ಹೆಸರು, ನಕ್ಷತ್ರ, ಗೋತ್ರ ಹೇಳಮ್ಮ" ಎಂದು ಪೂಜೆಯವರು ಕೇಳಿದರು.

ಅಜ್ಜಿ ಮೊಮ್ಮಗಳ ಹೆಸರು ಹೇಳಿದರು. ನಕ್ಷತ್ರಕ್ಕೆ ಸ್ವಲ್ಪ ತಡೆದರು. ಗೋತ್ರಕ್ಕೆ ತಲೆಯಾಡಿಸಿದರು. "ಅದೆಲ್ಲ ನಮಗೆ ಗೊತ್ತಿಲ್ಲ ಸ್ವಾಮಿ. ನಮ್ಮವ್ವ ಈ ಗುಡಿಗೇ ಬರ್ತಿತ್ತು, ಅವರವ್ವನೂ ಇಲ್ಲಿಗೇ ಬರ್ತಿತ್ತು. ಅಷ್ಟು ಗೊತ್ತು."

"ಸಾಕು ಬಿಡಮ್ಮ. ಅಮ್ಮನಿಗೆ ಗೊತ್ತಿರುತ್ತೆ" ಎಂದು ಅವರು ಕಾಯಿ ತೆಗೆದುಕೊಂಡರು.

ನಾನು ಆ ದಿನ ಕೇಳಿದ ವಂಶಾವಳಿಗಳಲ್ಲಿ ಅತ್ಯಂತ ಸತ್ಯವಾದದ್ದು ಇದು. ಮೂರು ತಲೆ, ಮೂವರೂ ಹೆಂಗಸರು, ಮೂವರೂ ಕಾಲಿಟ್ಟ ಒಂದೇ ಗುಡಿ. ಅದರಲ್ಲಿ ಚಂದ್ರನಿಲ್ಲ, ಬುಧನಿಲ್ಲ. ಸೇರಿಸಿದ್ದು ಒಂದಕ್ಷರವೂ ಇಲ್ಲ.

ಹಾಗಾದರೆ ಹೊಯ್ಸಳರ ಆ ಉದ್ದದ ಪಟ್ಟಿ ಸುಳ್ಳೇ? ಗುಡಿಯ ಜಗಲಿಯಲ್ಲಿ ಕೂತು ಇದನ್ನೇ ಯೋಚಿಸಿದೆ. ಸುಳ್ಳು ಎಂದು ತಳ್ಳಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬಯಲಿನ ಅರಸರ ನಡುವೆ ಸರಿಸಮನಾಗಿ ಕೂರಬೇಕಾದರೆ ಮಲೆಯವನಿಗೆ ಆ ಕಾಲದಲ್ಲಿ ಅಂಥ ಅಜ್ಜಂದಿರು ಬೇಕಿದ್ದರು. ಕದಂಬ, ಗಂಗ, ಚಾಲುಕ್ಯ, ಎಲ್ಲರೂ ತಮ್ಮ ತಮ್ಮ ಪಟ್ಟಿ ಬರೆಸಿದವರೇ. ಸೈರೀನಿನ ಅರಸರು ಮಾಡಿದ್ದೂ ಅದನ್ನೇ. ನೋಡಬೇಕಾದದ್ದು ಅವರು ಏನನ್ನು ಸೇರಿಸಿಕೊಂಡರು ಎಂಬುದನ್ನಲ್ಲ, ಏನನ್ನು ಬಿಡದೆ ಉಳಿಸಿಕೊಂಡರು ಎಂಬುದನ್ನು.

ಹೊಯ್ಸಳರು ಎರಡನ್ನು ಬಿಡಲಿಲ್ಲ. ಒಂದು ವಾಸಂತಿಕೆ. ಇನ್ನೊಂದು ಮಲೆಪರೊಳ್ ಗಂಡ ಎಂಬ ಬಿರುದು. ಮಲೆಪರು ಎಂದರೆ ಈ ಬೆಟ್ಟದ ಸೀಮೆಯ ನಾಯಕರು. ಅವರಲ್ಲೆಲ್ಲ ಗಂಡು ಎನಿಸಿಕೊಂಡವನು ಮಲೆಪರೊಳ್ ಗಂಡ. ಇದು ಚಂದ್ರವಂಶದವನು ಹೇಳಿಕೊಳ್ಳುವ ಮಾತಲ್ಲ, ಪಕ್ಕದ ಗುಡ್ಡದ ನಾಯಕನೊಡನೆ ಕಾದಾಡಿ ಗೆದ್ದವನ ಮಾತು. ರಾಜಧಾನಿ ಬೇಲೂರಿಗೆ ಹೋಯಿತು, ದ್ವಾರಸಮುದ್ರಕ್ಕೆ ಹೋಯಿತು, ಸೋಮೇಶ್ವರನ ಕಾಲಕ್ಕೆ ಶ್ರೀರಂಗದ ಹತ್ತಿರದ ಕಣ್ಣನೂರಿನವರೆಗೂ ಹೋಯಿತು. ತಮಿಳು ನಾಡಿನ ಬಯಲಿನಲ್ಲಿ ಕೂತು ಆಳುವಾಗಲೂ ಅವರು ಮಲೆಪರೊಳ್ ಗಂಡರೇ. ದಾನಶಾಸನದ ಕೊನೆಗೆ ಅರಸರ ಅಂಕಿತವಾಗಿ ಬರುತ್ತಿದ್ದದ್ದೂ ಇದೇ ಮಾತು. ಶಾಸನದ ತಲೆಯಲ್ಲಿ ಬ್ರಹ್ಮ, ಯದು, ದ್ವಾರಾವತಿ. ಬುಡದಲ್ಲಿ ಮಲೆ. ಮೇಲಿನದು ಕವಿ ಬರೆದದ್ದು. ಕೆಳಗಿನದು ಮನೆಯವರ ರುಜು.

ಸಂಜೆ ಮೂಡಿಗೆರೆಗೆ ವಾಪಸಾಗುವಾಗ ಬಾನಿನಲ್ಲಿ ಮೋಡ ಕಟ್ಟಿತ್ತು. ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ಅಲ್ಲಿ ಅವಳು ಬೊಗಸೆಯಲ್ಲಿ ಹಿಡಿಯುವಷ್ಟು ನೀರು. ಬೇಲೂರನ್ನು ಬಳಸಿ ಬರುವ ಯಗಚಿಯನ್ನು ಕೂಡಿಕೊಂಡು, ಗೊರೂರು ದಾಟಿ, ಕೃಷ್ಣರಾಜಸಾಗರದ ಬಳಿ ಕಾವೇರಿಗೆ ಸೇರುತ್ತಾಳೆ. ಕಾವೇರಿ ತಲಕಾಡನ್ನು ಹಾದು ಶ್ರೀರಂಗಕ್ಕೆ ಇಳಿಯುತ್ತಾಳೆ. ಸೊಸೆವೂರು, ಬೇಲೂರು, ತಲಕಾಡು, ಕಣ್ಣನೂರು. ನೀರು ಇಳಿದ ದಾರಿಯಲ್ಲೇ ಈ ಮನೆತನವೂ ಇಳಿದಿದೆ. ಸಳನ ಮುತ್ತಜ್ಜ ಯಾರು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಯದುವಿನ ಹೆಸರನ್ನೂ ಹೇಳುತ್ತೇನೆ, ಅರೆಕಲ್ಲನ ಹೆಸರನ್ನೂ ಹೇಳುತ್ತೇನೆ. ಆದರೆ ಮುತ್ತಜ್ಜಿ ಯಾರು ಎಂದು ಕೇಳಿದರೆ ನನ್ನ ಉತ್ತರ ಒಂದೇ. ಈ ಮಣ್ಣಿನ ವಸಂತಮ್ಮ.

ಮೂಡಿಗೆರೆ ತಾಲ್ಲೂಕಿನ ಶಾಸನಗಳನ್ನು ಓದಿ, ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದು 1901ರಲ್ಲಿ. ಅವರು ಓದಿರದಿದ್ದರೆ ಈ ಕಲ್ಲುಗಳಲ್ಲಿ ಎಷ್ಟೋ ಹೆಸರು ಮಳೆಗೆ ಸವೆದು ಹೋಗುತ್ತಿದ್ದವು. ಕಲ್ಲೇ ಸವೆಯುವಾಗ ಬಾಯಿಮಾತು ಎಷ್ಟು ದಿನ ಉಳಿದೀತು? ಆ ಅಜ್ಜಿಯ ಅವ್ವನ ಹೆಸರು, ಅವರವ್ವನ ಹೆಸರು ಯಾವ ಸಂಪುಟದಲ್ಲೂ ಇಲ್ಲ. ನಾನು ಕೇಳಿ ಬರೆದುಕೊಳ್ಳಬೇಕಿತ್ತು. ಕಾಯಿ ಒಡೆಸಿಕೊಂಡು ಅವರು ಹೊರಟುಹೋದ ಮೇಲೆ ಅದು ನೆನಪಾಯಿತು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದು ನಮಗೆಲ್ಲ ಹೆಮ್ಮೆಯ ದಿನ. ಅಂಗಡಿ ಆ ಪಟ್ಟಿಯಲ್ಲಿಲ್ಲ. ಬೇಲೂರಿಗೆ ಹೋಗುವವರು ಒಂದು ದಿನ ಮೊದಲೇ ಹೊರಟು ಈ ಊರಿಗೆ ಬನ್ನಿ. ಬಸದಿಯ ಮುಂದೆ ನಿಲ್ಲಿ, ವಸಂತಮ್ಮನಿಗೆ ಒಂದು ಕಾಯಿ ಒಡೆಸಿ. ಮನೆಗೆ ಮರಳಿದ ಮೇಲೆ ನಿಮ್ಮ ಅಜ್ಜಿ ಬದುಕಿದ್ದರೆ ಅವರ ಪಕ್ಕ ಕೂತು, ಅವರ ಅವ್ವನ ಹೆಸರು ಕೇಳಿ ಬರೆದಿಡಿ.